ಅಕ್ಕನ ದನಿ ಇದ್ದ ಆಪ್

ಸೆಕ್ಯುರಿಟಿಯವನ ಕೈ ನನ್ನ ಕಾಲರ್ ಮೇಲಿತ್ತು. ನನ್ನ ಲ್ಯಾಪ್‌ಟಾಪ್ ಆರನೇ ಮಹಡಿಯ ಕಿಟಕಿಯಾಚೆ, ಕಂಪನಿ ಓನರ್ ಕೈಯಲ್ಲಿ ತೂಗುತ್ತಿತ್ತು.

"ಬಿಡಲಾ?" ಅಂದ ಓನರ್.

"ಕೆಳಗೆ ಜನ ಇಲ್ಲ ತಾನೇ? ನೋಡಿ ಬಿಡಿ."

ನನ್ನ ಕಸುಬು ಹೇಳಿಬಿಡುತ್ತೇನೆ, ಕೇಳಿ. ಮಾರಾಟದ ಆಪ್‌ಗಳ ಹೊಟ್ಟೆ ಬಗೆದು, ಒಳಗೆ ಯಾರು ಬರೆದ ಲೈಬ್ರರಿ, ಅಂದರೆ ಬೇರೆಯವರ ಸಿದ್ಧ ಕೋಡ್, ಅಡಗಿದೆ ಅಂತ ಪತ್ತೆ ಹಚ್ಚುವುದು. ಹನ್ನೆರಡು ವರ್ಷದಿಂದ ಇದೇ.

ಇವತ್ತು ಬಂದಿದ್ದು ಮಾತ್ರ ಅಕ್ಕನಿಗಾಗಿ.

ಗಂಟಲಿನ ಆಪರೇಷನ್‌ಗೆ ಮೊದಲು ಅಕ್ಕ ತನ್ನ ದನಿಯನ್ನು ಈ ಓನರ್‌ನ ಆಪ್‌ನಲ್ಲಿ ತುಂಬಿಸಿಟ್ಟಿದ್ದಳು. ಆಮೇಲೆ ಅವಳು ಟೈಪ್ ಮಾಡಿದರೆ ಕಂಪ್ಯೂಟರ್ ಅವಳದೇ ದನಿಯಲ್ಲಿ ಮಾತಾಡುತ್ತಿತ್ತು. ದಿನಾ ಸಂಜೆ ಫೋನ್ ಮಾಡುತ್ತಿದ್ದಳು. ನನಗೆ ಬರುತ್ತಿದ್ದುದೇ ಅದೊಂದು ಫೋನು...

ಹತ್ತೊಂಬತ್ತು ದಿನದ ಹಿಂದೆ ಅವಳ ಕಂಪ್ಯೂಟರ್ ತಾನಾಗೇ ಅಪ್‌ಡೇಟ್ ಆಯಿತು. ಆಪ್‌ನೊಳಗಿನ ಹಳೇ ಲೈಬ್ರರಿ ಹೊಸ ಸಿಸ್ಟಮ್‌ಗೆ ಹೊಂದಲಿಲ್ಲ. ಆಪ್ ತೆರೆಯಲೇ ಇಲ್ಲ. ಅವತ್ತಿನಿಂದ ಸಂಜೆಯಾದರೆ ನನಗೆ ಭಯ.

"ನಮ್ಮ ಹೊಸ ಆಪ್ ತಗೊಳ್ಳಿ," ಅಂದ ಓನರ್.

"ಅದರಲ್ಲಿ ಅವಳ ದನಿ ಓಡಲ್ಲ."

"ಬೇರೆ ದನಿ ಇವೆಯಲ್ರೀ."

ಮೈ ಉರಿದುಹೋಯಿತು. "ಆ ಲೈಬ್ರರಿ ನಿಮಗೆ ಪುಕ್ಕಟೆ ಸಿಕ್ಕಿದ್ದು. ಷರತ್ತು ಒಂದೇ. ಆಪ್‌ನೊಳಗೆ ಬೆಸೆದು ಮಾರಿದ್ರೆ, ಗಿರಾಕಿ ಹೊಸ ಲೈಬ್ರರಿ ಬೆಸೆದುಕೊಳ್ಳೋಕೆ ನಿಮ್ಮ ಆಪ್‌ನ ಬಿಡಿಭಾಗ, ಆಬ್ಜೆಕ್ಟ್ ಫೈಲ್, ಕೊಡಬೇಕು. ಕೊಡಿ."

"ಆ ಲೈಬ್ರರಿ ನಮ್ಮ ಆಪ್‌ನಲ್ಲೇ ಇಲ್ಲ. ಇದೆ ಅನ್ನೋಕೆ ಸಾಕ್ಷಿ ಈ ಲ್ಯಾಪ್‌ಟಾಪ್ ತಾನೇ?"

ಬಿಟ್ಟ.

ಢಮಾರ್!

"ಷರತ್ತು ಬರೆದಿದ್ದ ಲೈಸೆನ್ಸ್ ಫೈಲ್ ಅಳಿಸಿದ್ರಿ, ಜಾಣರು," ಅಂದೆ. "ಲೈಬ್ರರಿ ಬರೆದವರ ಹೆಸರು, ಇಮೇಲ್ ಆಪ್‌ನೊಳಗೇ ಉಳಿದಿದೆ. ನೀವು ಮಾರಿದ ಒಂದೊಂದು ಕಾಪಿಯಲ್ಲೂ. ಗಿರಾಕಿಗಳ ನಾಲ್ಕು ಸಾವಿರ ಕಂಪ್ಯೂಟರ್‌ನೂ ಎಸೀತೀರಾ? ಲೈಬ್ರರಿ ಬರೆದವರಿಗೆ ನಾನೊಂದು ಮೇಲ್ ಹಾಕಿದ್ರೆ, ಷರತ್ತು ಮುರಿದಿದ್ದಕ್ಕೆ ನಿಮ್ಮ ಆಪ್ ಮಾರಾಟ ಬಂದ್."

ಓನರ್ ಮುಖ ಹುಳ್ಳಗಾಯಿತು. ಕಾಲರ್ ಮೇಲಿನ ಕೈ ಸಡಿಲವಾಯಿತು. ಹತ್ತು ನಿಮಿಷದಲ್ಲಿ ಆಬ್ಜೆಕ್ಟ್ ಫೈಲ್ ತುಂಬಿದ ಪೆನ್‌ಡ್ರೈವ್ ನನ್ನ ಜೇಬಿನಲ್ಲಿತ್ತು.

ರೂಮಿನ ಹಳೇ ಕಂಪ್ಯೂಟರ್‌ನಲ್ಲಿ ಹೊಸ ಲೈಬ್ರರಿ ಬೆಸೆದು ಅಕ್ಕನಿಗೆ ಕಳಿಸಿದೆ. ಸಂಜೆ ಫೋನ್ ಬಂತು.

"ಕೇಳಿಸ್ತಿದೆಯೇನೋ?"

ಅದೇ ದನಿ. ನನಗೆ ಅಳು ಬಂತು.

"ಯಾಕೋ ಸುಮ್ಮನಿದೀಯ? ಒಬ್ಬನೇ ಇದೀಯಾ?"

"ಇಲ್ಲಕ್ಕ," ಅಂದೆ, ಖಾಲಿ ರೂಮಿನಲ್ಲಿ ಕೂತು. "ಫ್ರೆಂಡ್ಸ್ ಬಂದಿದಾರೆ. ಒಂದೇ ಗಲಾಟೆ."

ಆ ಕಡೆ ಕೀಬೋರ್ಡ್ ಟಕಟಕ ಅಂದಿತು.

"ಸುಳ್ಳ. ನಾಳೆ ಮನೆಗೆ ಬಾ."

ಹನ್ನೆರಡು ವರ್ಷ ಊರವರ ಸುಳ್ಳು ಪತ್ತೆ ಹಚ್ಚಿದವನು ನಾನು. ಅಕ್ಕನಿಗೆ ಎರಡು ಸೆಕೆಂಡ್ ಸಾಕಾಯಿತು, ಅದೂ ಟೈಪ್ ಮಾಡಿಕೊಂಡು.