ಭವಿಷ್ಯವಿಲ್ಲದ ಭೂತ

"ಇದು ಮಾರೋಕಲ್ಲ!"

ಹಳೇ ಪುಸ್ತಕದಂಗಡಿಯವನು ಕಾಮಿಕ್ಸನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಅವಳು ಕೈ ಚಾಚಿಯೇ ನಿಂತಳು. ಅಂಗಡಿಗಳನ್ನೆಲ್ಲ ಜಾಲಾಡಿದ ಮೇಲೆ 'ಪುಕ್ಕಲು ಭೂತ'ದ ಆ ಸಂಚಿಕೆ ಈಗಷ್ಟೇ ಕಣ್ಣಿಗೆ ಬಿದ್ದಿತ್ತು...

"ದಮ್ಮಯ್ಯ, ಕೊನೇ ಪುಟ ಒಂದ್ಸಲ ತೋರ್ಸಿ! ಈ ಚಿತ್ರ ಬರೆದೋರು ನಮ್ಮಪ್ಪ. ಆಸ್ಪತ್ರೆಲಿದ್ದಾರೆ, ಬಾಯಿಗೆ ಏನೂ ಮುಟ್ಟಿಸ್ತಿಲ್ಲ."

ಅವನ ಮುಖ ಬಿಳಿಚಿತು. "ನಿಮ್ಮಪ್ಪನಾ...? ಅವರಿಗಂತೂ ಬೇಡವೇ ಬೇಡ."

"ಥೂ! ನಮ್ಮಪ್ಪನ ಭೂತಕ್ಕಿರೋ ಕರುಳೂ ನಿಮಗಿಲ್ಲ!"

ಅಳುತ್ತಲೇ ಹೊರಟಳು. ಅವನದು ಎಂಥ ಚೆಂದದ ಕಣ್ಣು, ಎಂಥ ಕಲ್ಲು ಮನಸ್ಸು!

ವಾರ್ಡಿನಲ್ಲಿ ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ್ದರು.

"ಒಂದೇ ಚಮಚ ಅಪ್ಪಾ..."

"ನಾನು ಭೂತ ಕಣೇ. ನಂಗೆಲ್ಲಿಯ ಭವಿಷ್ಯ?"

ಕತ್ತಲೆಂದರೆ ಹೆದರುವ, ಮಕ್ಕಳ ಕೈ ಹಿಡಿದೇ ಮೆಟ್ಟಿಲಿಳಿಯುವ ಭೂತದ ಮಾತದು. ಒಂದು ಕಾಲಕ್ಕೆ ಮಕ್ಕಳು ಬಿದ್ದು ಬಿದ್ದು ನಕ್ಕಿದ್ದರು. ಈಗ ಅಪ್ಪನ ಬಾಯಲ್ಲಿ ಉಳಿದದ್ದು ಅದೊಂದೇ.

"ಕೊನೇ ಪುಟದಲ್ಲಿ ಒಬ್ಬಳು ಹುಡುಗಿ ಭೂತಕ್ಕೆ ಏನೋ ಉತ್ತರ ಹೇಳ್ತಾಳೆ... ನೆನಪೇ ಆಗ್ತಿಲ್ಲ," ಎಂದು ಕಣ್ಣು ಮುಚ್ಚಿದರು.

"ಅವರೇ ಮನಸ್ಸು ಮಾಡದಿದ್ರೆ ನಮ್ಮ ಕೈಲಿ ಏನೂ ಇಲ್ಲಮ್ಮ," ಎಂದಿದ್ದರು ಡಾಕ್ಟರು. ನನಗೆ ಅಂತ ಇರೋರು ಅಪ್ಪ ಒಬ್ಬರೇ... ಅವರೂ ಹೋದರೆ? ಅವಳು ಚಮಚವನ್ನು ಮತ್ತೆ ಗಂಜಿಯಲ್ಲಿ ಅದ್ದಿದಳು.

ಬಾಗಿಲಲ್ಲಿ ಯಾರೋ ಕೆಮ್ಮಿದರು. ಅವನೇ! ಕೈಯಲ್ಲಿ ಅದೇ ಕಾಮಿಕ್ಸ್.

"ಬೈಬೇಡಿ, ನಿಮ್ಮ ಹಿಂದೇನೇ ಬಂದೆ... ಆ ಹುಡುಗಿಯ ಮಾತಿನ ಕೊನೇ ಗುಳ್ಳೆ ಖಾಲಿಯಾಗೇ ಅಚ್ಚಾಗಿತ್ತು. ಚಿಕ್ಕೋನಿದ್ದಾಗ ನಾನೇ ಗೀಚಿಬಿಟ್ಟಿದ್ದೆ. ಬರೆದವರ ಎದುರಿಗೇ ಹೇಗೆ ತೋರಿಸ್ಲಿ? ನಾಚಿಕೆಯಾಯ್ತು."

ಅಪ್ಪ ತಟ್ಟನೆ ತಿರುಗಿದರು. "ಖಾಲಿ! ಹೌದು... ಗುಳ್ಳೆಯೊಳಗೆ ಅಕ್ಷರ ಬರೀತಿದ್ದೋಳು ನಿಮ್ಮಮ್ಮ ಕಣೇ. ಅದೊಂದು ಉಳಿದಿರುವಾಗ ಹೆರಿಗೆ ನೋವು ಬಂತು. ನೀನು ಹುಟ್ಟಿದ ಗಡಿಬಿಡಿಲಿ ಇಬ್ಬರೂ ಮರೆತ್ವಿ! ಏನಪ್ಪಾ ಗೀಚಿದೀಯ? ಓದು."

ಅವನು ಕಿವಿಯವರೆಗೂ ಕೆಂಪಾದ.

"'ಹಾಗಾದ್ರೆ ವರ್ತಮಾನಕ್ಕೆ ಬಾ... ಊಟ ಮಾಡೋಣ!'"

ಅಪ್ಪನ ಒಣಗಿದ ಗಂಟಲಿಂದ ಗೊರಗೊರ ಸದ್ದು... ಅಯ್ಯೋ, ಉಸಿರು ಕಟ್ಟಿತಾ? ಅವಳು ಬಗ್ಗಿ ನೋಡಿದಳು.

ನಗುತ್ತಿದ್ದರು! ಕಣ್ಣಲ್ಲಿ ನೀರು ಸುರಿಸಿಕೊಂಡು ನಕ್ಕು, ಮಗುವಿನ ಹಾಗೆ ಬಾಯಿ ತೆರೆದರು. ಅವಳು ಗಂಜಿ ಕುಡಿಸಿದಳು. ಎರಡನೇ ಚಮಚವನ್ನು ಅವರೇ ಕೇಳಿದರು.

ಅಪ್ಪ ನಿದ್ದೆ ಹೋದ ಮೇಲೆ ಅವಳು ಅವನನ್ನು ಕಾರಿಡಾರಿನವರೆಗೆ ಕಳಿಸಲು ಬಂದಳು. ಈಗ ಮಾತ್ರ ಅಳು ತಡೆಯಲಾಗಲಿಲ್ಲ. ಅವನು ಮೆಲ್ಲಗೆ ಕೈ ಚಾಚಿದ. ಅವಳು ಹಿಡಿದುಕೊಂಡಳು, ಬಿಡಲಿಲ್ಲ.

"ಕರುಳಿಲ್ಲ ಅಂದ್ಬಿಟ್ಟೆ... ನಾಳೆನೂ ಬರ್ತೀರಾ?"

"ನಾಳೆ ಅಂದ್ರೆ ಭವಿಷ್ಯ ಕಣ್ರೀ."

"ಹ್ಞೂಂ... ನಾನು ಅದನ್ನೇ ಕೇಳ್ತಿರೋದು."