ನಿಶ್ಚಲ ಬಿಲ್ಲೆಗೆ ಬಗ್ಗದ ಹೊಟ್ಟೆ

ಲಂಗರು ಹಾಕಿ ನಿಂತಿದ್ದ ‘ಅಘನಾಶಿನಿ’ ಎಂಬ ತರಬೇತಿ ಹಾಯಿಹಡಗಿನ ಊಟದ ಕೋಣೆಯಲ್ಲಿ ಮಧ್ಯಾಹ್ನದ ಪಂಕ್ತಿ ನಡೆದಿತ್ತು. ಬೇಲೇಕೇರಿಯ ಕೊಲ್ಲಿಯಲ್ಲಿ ಅಂದು ಅಲೆಗಳ ಅಬ್ಬರ ಜೋರಾಗಿತ್ತು. ಸಾರಿನ ಪಾತ್ರೆ ಮೇಜಿನ ಈ ತುದಿಯಿಂದ ಆ ತುದಿಗೆ ಜಾರುತ್ತಿತ್ತು. ಉಪ್ಪಿನಕಾಯಿಯ ಭರಣಿ ಅದರ ಬೆನ್ನಟ್ಟುತ್ತಿತ್ತು. ಆದರೂ ಹನ್ನೊಂದು ಮಂದಿ ವಿದ್ಯಾರ್ಥಿಗಳು ಮದುವೆಮನೆಯಲ್ಲಿ ಕೂತವರ ಹಾಗೆ ನಿರುಮ್ಮಳವಾಗಿ ಅನ್ನ ಕಲಸುತ್ತಿದ್ದರು. ಪಾತ್ರೆ ಎದುರಿಗೆ ಬಂದಾಗ ಒಂದು ಸೌಟು ಮೀನುಸಾರು ಬಡಿಸಿಕೊಂಡು ಅದನ್ನು ಅದರ ಪಾಡಿಗೆ ಮುಂದಕ್ಕೆ ಬಿಡುತ್ತಿದ್ದರು. ಎಲ್ಲರ ಬಲಗಿವಿಯ ಹಿಂದೆ ಹುಣಸೆಬೀಜದಷ್ಟು ಗಾತ್ರದ ಬಿಲ್ಲೆಯೊಂದು ಹಸಿರಾಗಿ ಮಿನುಗುತ್ತಿತ್ತು.

ಹನ್ನೆರಡನೆಯವನು ಗಜೇಂದ್ರಗಡದ ಗದಿಗೆಪ್ಪ. ಅವನ ಕಿವಿಯ ಹಿಂದೆಯೂ ಬಿಲ್ಲೆ ಮಿನುಗುತ್ತಿತ್ತು. ಮಿನುಗುವುದನ್ನು ಬಿಟ್ಟು ಬೇರೆ ಯಾವ ಕೆಲಸವನ್ನೂ ಅದು ಮಾಡುತ್ತಿರಲಿಲ್ಲ.

ತೈಲವೆಲ್ಲ ಮುಗಿದು ಸರಕು ಮತ್ತೆ ಹಾಯಿಹಡಗು ಹತ್ತಿದ ಕಾಲವದು. ನಾವಿಕರು ಬೇಕಾಗಿದ್ದರು, ಬಂದವರಲ್ಲಿ ಅರ್ಧಕ್ಕರ್ಧ ಜನ ಮೊದಲ ವಾರವೇ ಕಡಲರೋಗಕ್ಕೆ ಹೆದರಿ ಗಂಟುಮೂಟೆ ಕಟ್ಟುತ್ತಿದ್ದರು. ಕಣ್ಣು ‘ಕೋಣೆ ನಿಂತಿದೆ’ ಎನ್ನುತ್ತದೆ, ಒಳಕಿವಿಯ ದ್ರವ ‘ಇಲ್ಲ, ಅಲ್ಲಾಡುತ್ತಿದೆ’ ಎನ್ನುತ್ತದೆ. ಇವೆರಡರ ಜಗಳದಲ್ಲಿ ಏಟು ತಿನ್ನುವುದು ಹೊಟ್ಟೆ. ಡಾಕ್ಟರ್ ವಾರಿಜಾಕ್ಷಿಯವರು ಕಂಡುಹಿಡಿದ ನಿಶ್ಚಲ ಬಿಲ್ಲೆ ಈ ಜಗಳವನ್ನೇ ಬಿಡಿಸಿತು. ಒಳಕಿವಿಯಿಂದ ಹೊರಟ ಸಂಕೇತಗಳನ್ನು ಅದು ನಡುದಾರಿಯಲ್ಲಿ ತಡೆದು, ಸಮತೋಲಕ್ಕೆ ಬೇಕಾದಷ್ಟನ್ನು ಕಾಲುಗಳಿಗೆ ರವಾನಿಸಿ, ಮನಸ್ಸಿಗೆ ಮಾತ್ರ ‘ನೆಲ ಗಟ್ಟಿಯಾಗಿದೆ’ ಎಂದು ಹೇಳುತ್ತಿತ್ತು.

ಎಲ್ಲರ ಮನಸ್ಸೂ ಈ ಸುಳ್ಳನ್ನು ನಂಬಿತು. ಗದಿಗೆಪ್ಪನ ಹೊಟ್ಟೆಯೊಂದೇ ನಂಬಲಿಲ್ಲ. ಹದಿನೆಂಟು ವರ್ಷದವರೆಗೆ ಕೆರೆಗಿಂತ ದೊಡ್ಡ ನೀರು ಕಾಣದ ಈ ಮಹಾಶಯ ಹಡಗಿನ ಶಾಲೆಗೆ ಆಯ್ಕೆಯಾದಾಗ ಓಣಿಯ ಮಂದಿ ಬ್ಯಾಂಡು ಬಾರಿಸಿ ಬಸ್ಸು ಹತ್ತಿಸಿದ್ದರು. ‘ಸಮುದ್ರ ಅಂದ್ರ ನಂಗ ಅಂಗಳ ಇದ್ದಂಗ’ ಎಂದು ಅವನು ಕಿಟಕಿಯಿಂದ ಭಾಷಣವನ್ನೂ ಬಿಗಿದಿದ್ದ. ಆ ಅಂಗಳದಲ್ಲಿ ಇಪ್ಪತ್ತು ತಿಂಗಳಿಂದ ಅವನು ಮಾಡಿದ್ದು ಮೀನುಗಳಿಗೆ ಅನ್ನದಾನ. ಕದ್ದು ಕಕ್ಕುವುದರಲ್ಲಿ ಅವನಷ್ಟು ನುರಿತವನು ಈ ಕರಾವಳಿಯಲ್ಲೇ ಇರಲಿಲ್ಲವೆನ್ನಬೇಕು. ಗುಟ್ಟು ಗೊತ್ತಿದ್ದದ್ದು ಪಕ್ಕದ ಹಾಸಿಗೆಯ ಇನಾಸನಿಗೆ ಮಾತ್ರ.

ಇನ್ನು ನಾಲ್ಕು ದಿನಕ್ಕೆ ಅಂತಿಮಯಾನ. ಜಾಂಜಿಬಾರಿಗೆ ಹೋಗಿ ಬರಲು ನಲವತ್ತು ದಿನ. ಅದನ್ನು ಮುಗಿಸಿದವರಿಗೆ ನಾವಿಕನೆಂಬ ಪ್ರಮಾಣಪತ್ರ. ಅದಕ್ಕೆ ಮೊದಲು ಸ್ವತಃ ವಾರಿಜಾಕ್ಷಿಯವರೇ ಹಡಗಿಗೆ ಬಂದು, ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಮೂರು ಮಧ್ಯಾಹ್ನದ ಊಟ ಪರೀಕ್ಷಿಸುತ್ತಿದ್ದರು. ಬಿಲ್ಲೆ ಹಿಡಿಯದವರನ್ನು ಮನೆಗೆ ಕಳಿಸಬೇಕೆಂಬುದು ನಿಯಮ. ಶುಂಠಿ ಅಗಿದು, ಹಲ್ಲು ಕಚ್ಚಿ, ಮನೆದೇವರಿಗೆ ಹರಕೆ ಹೊತ್ತು ಗದಿಗೆಪ್ಪ ಎರಡು ಊಟ ದಾಟಿದ್ದ. ಇದು ಮೂರನೆಯದು.

“ಹೇಗಿದೆಯಪ್ಪಾ ಸಾರು?” ಎಂದರು ಡಾಕ್ಟರು.

“ಭಾಳ ಛಲೋ ಆಗೇತ್ರಿ,” ಎಂದ ಗದಿಗೆಪ್ಪ, ತುಟಿ ಆದಷ್ಟು ಕಡಿಮೆ ತೆರೆದು.

ಇನ್ನು ನಾಲ್ಕು ತುತ್ತು. ಆಗ ಅವನ ಸಂಕಟ ಜಾಗ ಬದಲಿಸಿತು. ಇಷ್ಟು ದಿನದ ಅಭ್ಯಾಸದಿಂದ ಅವನು ಈ ವಿಷಯದಲ್ಲಿ ಪಂಡಿತನಾಗಿದ್ದ. ಹಡಗು ಅಲೆಗೆ ಮುಖ ಕೊಟ್ಟು ನಿಂತಾಗ ಅದು ಹಿಂದಕ್ಕೂ ಮುಂದಕ್ಕೂ ತೂಗುತ್ತದೆ, ಆಗ ಸಂಕಟ ಹಣೆಯಲ್ಲಿ ಶುರುವಾಗುತ್ತದೆ. ಅಲೆಗೆ ಅಡ್ಡಲಾದಾಗ ಪಕ್ಕಕ್ಕೆ ಹೊರಳುತ್ತದೆ, ಆಗ ಹೊಕ್ಕಳಲ್ಲಿ. ಲಂಗರು ಹಾಕಿ ನಿಂತ ಹಡಗು ಯಾವಾಗಲೂ ಅಲೆಗೆ ಮುಖ ಕೊಟ್ಟಿರಬೇಕು. ಈಗ ಸಂಕಟ ಹೊಕ್ಕಳಲ್ಲಿತ್ತು. ಲಂಗರು ಜಾರಿದೆ ಎಂದೇ ಅದರ ಅರ್ಥ.

ಅವನು ಸುತ್ತ ನೋಡಿದ. ಯಾರಿಗೂ ಏನೂ ಅನಿಸಿರಲಿಲ್ಲ. ಪರೀಕ್ಷೆಗೆಂದು ಲಂಗರು ಕಾಯುವವನನ್ನೂ ಊಟಕ್ಕೆ ಕರೆದಿದ್ದರು. ಲಂಗರು ಜಾರಿದರೆ ಕೂಗುವ ಎಚ್ಚರಿಕೆಯ ಗಂಟೆಯೋ, ಕಿರುಚಿ ಕಿರುಚಿ ತಲೆ ತಿನ್ನುತ್ತದೆಂದು ಹುಡುಗರೇ ಅದರ ಬಾಯಿ ಕಟ್ಟಿದ್ದರು. ಬಾಯಿ ಬಿಟ್ಟರೆ ಇಪ್ಪತ್ತು ತಿಂಗಳ ಗುಟ್ಟು ರಟ್ಟು. ಊರಿನ ಬಸ್ಸು, ಓಣಿಯವರ ನಗು. ಬಿಡದಿದ್ದರೆ ಕೊಲ್ಲಿಯ ಬಂಡೆ. ಎಷ್ಟು ಹೊತ್ತು ಯೋಚಿಸಿದನೋ, ಅಷ್ಟು ಹೊತ್ತು ಯೋಚಿಸಿದ್ದಕ್ಕಾಗಿ ಅವನಿಗೆ ಆಮೇಲೆ ಬಹಳ ನಾಚಿಕೆಯಾಯಿತು.

“ಹಡಗ ಅಡ್ಡ ತಿರಗೇತ್ರಿ! ಲಂಗರ ಜಾರೇತಿ!” ಎಂದು ಎದ್ದು ಕೂಗಿದ. ಮಾತಿನ ಹಿಂದೆಯೇ ಮೂರನೆಯ ಊಟವೂ ಹೊರಬಂತು.

ಹನ್ನೊಂದು ಮಂದಿ ಘೊಳ್ಳೆಂದು ನಕ್ಕರು. ಜೊತೆಗೇ ಉಣ್ಣುತ್ತಿದ್ದ ಕಪ್ತಾನರಾದ ರುಕ್ಮಾ ಹರಿಕಂತ್ರ ಮಾತ್ರ ನಗಲಿಲ್ಲ. ಕೈ ತೊಳೆಯದೆ ಏಣಿ ಹತ್ತಿದರು.

ಬಂಡೆಗಳು ಕಲ್ಲೆಸೆತದ ದೂರದಲ್ಲಿದ್ದವು. “ಲಂಗರಿನ ಹಗ್ಗ ಕಡೀರಾ! ಮುಂದಿನ ಹಾಯಿ ಎತ್ತಿ!” ಎಂಬ ಅವರ ಕೂಗಿಗೆ ಎಂಜಲು ಕೈಗಳೆಲ್ಲ ಹಾಯಿಯ ಹಗ್ಗಕ್ಕೆ ಬಿದ್ದವು. ಗದಿಗೆಪ್ಪ ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಇನ್ನೊಂದರಲ್ಲಿ ಎಳೆದ. ಲಂಗರನ್ನು ಸಮುದ್ರಕ್ಕೆ ಬಿಟ್ಟುಕೊಟ್ಟು ಹಡಗು ಕೂದಲೆಳೆಯ ಅಂತರದಲ್ಲಿ ಹೊರಳಿ ಆಳದ ನೀರಿಗೆ ಬಂತು.

ಆಮೇಲೆ ಕಪ್ತಾನರು ತಮ್ಮ ಕಿವಿಯ ಹಿಂದಿನ ಬಿಲ್ಲೆಯನ್ನು ಕಿತ್ತು ಡಾಕ್ಟರ ಕೈಗಿಟ್ಟರು. “ಮೂವತ್ತು ವರ್ಷ ನನ್ನ ಹೊಟ್ಟೆನೇ ನಂಗೆ ಎಲ್ಲಾ ಹೇಳ್ತಿತ್ತು. ಸುಖ ಆಗ್ತದೆ ಅಂತ ಇದನ್ನ ಹಾಕ್ಕಂಡು ಆರ್ ತಿಂಗ್ಳಾತು. ಈಗ ಹೊಟ್ಟೆಗೆ ಮಾತೇ ಮರ್ತೋಗದೆ.”

“ಬಿಲ್ಲೆ ಚೆನ್ನಾಗಿಯೇ ಕೆಲಸ ಮಾಡಿದೆಯಲ್ಲ ಕಪ್ತಾನರೇ,” ಎಂದರು ವಾರಿಜಾಕ್ಷಿಯವರು, ಕಂಗಾಲಾಗಿ.

“ಅದೇ ತೊಂದ್ರೆ ಆದದ್ದು ಮಾರಾಯ್ರೆ. ಜಾಂಜಿಬಾರಿಗೆ ಇಂವ ಬರ್ಲೇಬೇಕು, ಬಿಲ್ಲೆ ಇಲ್ದೇನೇ. ನಿಮ್ಮ ನಿಯಮ ನೀವೇ ತಿದ್ಕಳಿ.”

ಹೀಗೆ ಗದಿಗೆಪ್ಪ ಪಾಸಾದ. ಹನ್ನೊಂದು ಮಂದಿ ಅವನನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ ಮಾಡಿದರು. ಆ ಕುಲುಕಾಟಕ್ಕೂ ಅವನಿಗೆ ವಾಂತಿಯಾಯಿತು.

ಹೊರಡುವ ದಿನದ ಬೆಳಿಗ್ಗೆ ವಾರಿಜಾಕ್ಷಿಯವರು ಅವನನ್ನು ಹುಡುಕಿಕೊಂಡು ಬಂದರು. ಮೂರು ದಿನದಿಂದ ಅವರು ಸರಿಯಾಗಿ ಮಲಗಿರಲಿಲ್ಲ. “ನಿನ್ನ ಒಳಕಿವಿಯ ನಳಿಗೆ ತುಸು ಓರೆ. ಅದರ ಅಳತೆಗೆ ಸರಿಯಾಗಿ ಹೊಸದೊಂದು ಮಾಡಿದ್ದೇನೆ. ಕಪ್ತಾನರಿಗೆ ಹೇಳಬೇಡ. ಒಬ್ಬ ಹುಡುಗನನ್ನು ನಲವತ್ತು ದಿನ ನರಳಿಸಿ ಹಡಗು ಕಾಯುವುದು ನನಗೆ ಸರಿಬರುವುದಿಲ್ಲ,” ಎಂದು ಕಿವಿಯ ಹಿಂದೆ ಅಂಟಿಸಿಯೇಬಿಟ್ಟರು.

ಸಮುದ್ರ ನಿಂತುಹೋಯಿತು! ಗದಿಗೆಪ್ಪ ಕಂಬ ಹಿಡಿದಿದ್ದ ಕೈ ಬಿಟ್ಟ. ಬೀಳಲಿಲ್ಲ. ಅಡುಗೆಮನೆಗೆ ಓಡಿ ಒಂದು ತಟ್ಟೆ ಅನ್ನ, ಮೇಲೆ ಎರಡು ಹುರಿದ ಬಂಗುಡೆ ಹಾಕಿಸಿಕೊಂಡು ಬಂದು, ಚಕ್ಕಳಮಕ್ಕಳ ಕೂತು, ನಿಧಾನವಾಗಿ ಮುಳ್ಳು ಬಿಡಿಸುತ್ತ ಉಂಡ. ಇಪ್ಪತ್ತು ತಿಂಗಳಲ್ಲಿ ಮೊದಲ ಸಲ ಅವನಿಗೆ ಮೀನಿನ ರುಚಿ ಗೊತ್ತಾಯಿತು. ಅಯ್ಯೋ, ಎಷ್ಟು ರುಚಿ! ಡಾಕ್ಟರು ಎದುರಿಗೆ ಕೂತು ತಾಯಿಯ ಹಾಗೆ ನೋಡುತ್ತಿದ್ದರು. ಕೈ ತೊಳೆದು ಬಂದವನು ಬಿಲ್ಲೆ ತೆಗೆದು ಅವರ ಅಂಗೈಯಲ್ಲಿಟ್ಟ.

“ಇದನ್ನ ನೀವ ಇಟ್ಕೊಂಡಿರ್ರಿ. ವಾಪಸ್ ಬಂದ ಮ್ಯಾಲ ಈಸ್ಕೋತೀನಿ.”

“ನಲವತ್ತು ದಿನ ಕಣಪ್ಪಾ! ನಿನಗೇನು ಹುಚ್ಚೇ?”

“ಇಷ್ಟ ಮಂದಿ ನಿಶ್ಚಿಂತಿಯಿಂದ ಉಣ್ಣಾಕತ್ತಾರ್ರೀ. ಒಬ್ಬಾಂವರ ಎಚ್ಚರ ಇರಬೇಕಲ್ರಿ,” ಎಂದು ಗದಿಗೆಪ್ಪ ದೊಡ್ಡ ನಾವಿಕನ ಠೀವಿಯಲ್ಲಿ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಸಮುದ್ರ ತಿರುಗಿ ಬಂತು. ಠೀವಿಯನ್ನು ಅಲ್ಲೇ ಬಿಟ್ಟು ಹಡಗಿನಂಚಿನ ಕಟಕಟೆಗೆ ಓಡಿದ. ಅಷ್ಟು ರುಚಿಯಾಗಿದ್ದ ಬಂಗುಡೆ, ಅನ್ನ, ಎಲ್ಲವೂ ಹೋಯಿತು. ಹೋದ ಊಟಕ್ಕಾಗಿ ಅವನಿಗೆ ನಿಜವಾಗಿಯೂ ಅಳು ಬಂತು, ಅತ್ತ.

ವಾರಿಜಾಕ್ಷಿಯವರು ಹಿಂದೆಯೇ ಬಂದು ಎರಡೂ ಕೈಯಿಂದ ಅವನ ಹಣೆ ಹಿಡಿದುಕೊಂಡರು. ಇಪ್ಪತ್ತು ವರ್ಷದಿಂದ ಅವರು ಈ ಕಾಯಿಲೆಯ ಮೇಲೆ ಸಂಶೋಧನೆ ಮಾಡಿದ್ದರು. ಹೀಗೆ ಒಬ್ಬ ರೋಗಿಯ ಹಣೆ ಹಿಡಿದದ್ದು ಅದೇ ಮೊದಲು.