ಜೋತುಬಿದ್ದ ದೋಣಿ

ನಾಲ್ಕೂ ಕಡೆ ಸಮುದ್ರವಿದ್ದ ಆ ಊರು ಬಿರುಗಾಳಿ ಕಂಡಿತ್ತು, ಹಡಗು ಒಡೆದದ್ದನ್ನೂ ಕಂಡಿತ್ತು. ಆದರೆ ಆ ಬುಧವಾರದ ಅನಾಹುತದ ಮುಂದೆ ಅವೆಲ್ಲ ಹುಲ್ಲುಕಡ್ಡಿ. ಅಂದು ಅಂಚೆ ಕಚೇರಿಯ ತಾರೀಖಿನ ಮುದ್ರೆ ಕಾಣೆಯಾಯಿತು.

ಸುದ್ದಿ ಮೊದಲು ಮುಟ್ಟಿದ್ದು ಎದುರಂಗಡಿಯ ಕ್ಷೌರಿಕನಿಗೆ. ಕಚೇರಿ ನೋಡಿಕೊಳ್ಳುವ ಪೋಸ್ಟಮ್ಮ ಊಟ ಮುಗಿಸಿ ಬಂದವಳು ಬಾಗಿಲಿಂದಲೇ ಅವನನ್ನು ಕೂಗಿದಳು.

"ನಾಳೆ ಬೆಳಿಗ್ಗೆ ತಪಾಸಣೆಗೆ ಅಂಚೆ ಸಾಹೇಬರು ಬರ್ತಾರಣ್ಣ. ಈ ಕಚೇರಿ ಮುಚ್ಚೋಕೆ ಒಂದು ನೆಪ ಸಾಕು ಅವರಿಗೆ. ಆಮೇಲೆ ಒಂದು ಕಾಗದಕ್ಕೂ ನೀರು ದಾಟಬೇಕು ನಾವು."

"ಮುಂಬಾಗಿಲಿಂದ ಯಾರೂ ಹೋಗಿಲ್ಲ," ಎಂದ ಕ್ಷೌರಿಕ. ಕತ್ತಿ ತಾಗಿ ಬೆರಳು ಕುಯ್ದುಕೊಂಡಿದ್ದರಿಂದ, ಅವಳ ಊಟದ ಹೊತ್ತು ಪೂರ್ತಿ, ಹನ್ನೆರಡರಿಂದ ಒಂದರವರೆಗೆ, ಅಂಗಡಿ ಕಟ್ಟೆಯ ಮೇಲೆ ಕೂತು ನರ್ಸಮ್ಮನಿಂದ ಪಟ್ಟಿ ಕಟ್ಟಿಸಿಕೊಂಡು, ಬೈಸಿಕೊಂಡಿದ್ದ.

ಹಿಂಬಾಗಿಲಿಗೆ ಚಿಲಕವೇ ಇರಲಿಲ್ಲ. ಹಿಂದೆ ಇದ್ದದ್ದು ಮೆಟ್ಟಿಲು, ಮೆಟ್ಟಿಲ ಕೆಳಗೆ ಸಮುದ್ರ. ಅಲ್ಲಿಂದ ಯಾರು ಬರುತ್ತಾರೆ ಎಂಬ ಧೈರ್ಯ. ಈಗ ಆ ಮೆಟ್ಟಿಲ ಕಲ್ಲಿನ ಮೇಲೆ ಹಸಿರು ಬಣ್ಣ ಹಸಿಹಸಿಯಾಗಿ ಮೆತ್ತಿಕೊಂಡಿತ್ತು. ಊರಿನಲ್ಲಿ ಹೊಸದಾಗಿ ಹಸಿರು ಬಳಿದದ್ದು ಅಂಬಿಗನ ದೋಣಿಗೆ ಮಾತ್ರ. ಹೋದ ವಾರ ಪಾರ್ಸೆಲ್ ತಡವಾಯಿತೆಂದು ಅವನು ಪೋಸ್ಟಮ್ಮನ ಜೊತೆ ಜಗಳವಾಡಿದ್ದನ್ನೂ ಊರು ಮರೆತಿರಲಿಲ್ಲ.

ಕ್ಷೌರಿಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೂರು ಸಲ ಬೀದಿಗಿಳಿದು, ಮೂರು ಸಲ ಮರಳಿ, ನಾಲ್ಕನೆಯ ಸಲ ದೊಡ್ಡಮ್ಮನ ಮನೆಗೇ ಓಡಿದ. ಮೂವತ್ತು ವರ್ಷ ದೋಣಿಕಟ್ಟೆಯ ಕಂಬ ನೋಡಿ ನೀರಿನ ಏರಿಳಿತ ಬರೆದಿಡುತ್ತಿದ್ದ ದೊಡ್ಡಮ್ಮ, ಕೆಲಸ ಬಿಟ್ಟ ಮೇಲೆ ಊರಿನ ಸುಳ್ಳುಗಳ ಆಳ ಅಳೆಯುತ್ತಿದ್ದರು.

ನಾಲ್ಕೂವರೆಗೆ ಇಬ್ಬರೂ ದೋಣಿಕಟ್ಟೆಗೆ ಬಂದಾಗ ನೀರು ಆಳುದ್ದ ಇಳಿದಿತ್ತು. ಹಸಿರು ದೋಣಿಯ ಮೂತಿ ಮೇಲೆ, ಬಾಲ ನೀರಲ್ಲಿ. ಗಿಡ್ಡ ಹಗ್ಗಕ್ಕೆ ಜೋತುಬಿದ್ದಿತ್ತು.

"ಮೀನು ಒಣಗಿಸಿದ ಹಾಗಿದೆ," ಎಂದು ದೊಡ್ಡಮ್ಮ ನಕ್ಕರು. "ಇವತ್ತು ಬೇರೇನಾದ್ರೂ ವಿಶೇಷ ಇತ್ತೇನೋ?"

"ಏನಿಲ್ಲ. ಶಾಲೆ ಗಂಟೆ ಊಟದ ಮೇಲೆ ಅರ್ಧ ತಾಸು ತಡ ಆಯ್ತು, ಅಷ್ಟೆ."

"ಎಲ್ಲರನ್ನೂ ಕರಿ. ಪೋಸ್ಟಮ್ಮನಿಗೆ ಹೇಳು, ಜನ ಕಾಗದ ಹಾಕೋ ಡಬ್ಬ ತೆಗೆಯದೆ ಹಾಗೇ ತರಲಿ."

ಡಬ್ಬ ಹೊತ್ತ ಪೋಸ್ಟಮ್ಮ, ಅಂಬಿಗ, ನರ್ಸಮ್ಮ, ವರ್ಗಾವಣೆಗಾಗಿ ಎರಡು ವರ್ಷದಿಂದ ಚಡಪಡಿಸುತ್ತಿದ್ದ ಶಾಲೆಯ ಮೇಷ್ಟ್ರು, ಹಿಂದೆ ಅರ್ಧ ಊರು ಬಂದು ನಿಂತಿತು.

"ನಾನು ಉಂಡು ಮಲಗಿದ್ದೆ, ದೊಡ್ಡಮ್ಮ," ಎಂದ ಅಂಬಿಗ.

"ಗೊತ್ತು ಬಿಡು. ದೋಣಿ ನಿಂದು, ಈ ಗಂಟು ನಿಂದಲ್ಲ. ಹನ್ನೆರಡೂವರೆಗೆ ನೀರು ತುಂಬಿತ್ತು. ಆಗ ಯಾರೋ ದೋಣಿ ತಗೊಂಡು ಹಿಂದಿನ ಮೆಟ್ಟಿಲಿಗೆ ಹೋಗಿ ಬಂದು, ಹಗ್ಗ ಬಿಗಿದು ಕಟ್ಟಿದ್ದಾರೆ. ನೀರು ಇಳಿಯುತ್ತೆ, ಹಗ್ಗ ಸಡಿಲ ಬಿಡಬೇಕು ಅನ್ನೋದು ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಗೊತ್ತಿಲ್ಲದವರು ಹೊರಗಿಂದ ಬಂದ ಇಬ್ಬರೇ. ನರ್ಸಮ್ಮ ಆಗ ಈ ಪುಣ್ಯಾತ್ಮನ ಬೆರಳು ಕಟ್ಟುತ್ತಿದ್ದಳು."

ಎಲ್ಲರ ತಲೆ ಮೇಷ್ಟ್ರ ಕಡೆ ತಿರುಗಿತು. ಅವರು ಕೈಚೀಲವನ್ನು ಎದೆಗೆ ಅವುಚಿಕೊಂಡರು.

"ಮುದ್ರೆ ಯಾರಿಗೆ ಬೇಕು? ಕಳೆದ ತಾರೀಖು ಬೇಕಾದವನಿಗೆ. ಡಬ್ಬ ತೆಗಿ, ಪೋಸ್ಟಮ್ಮ," ಎಂದರು ದೊಡ್ಡಮ್ಮ.

ಡಬ್ಬದಲ್ಲಿ ಏಳು ಕಾಗದಗಳಿದ್ದವು. ಆರಕ್ಕೆ ಮುದ್ರೆ ಇರಲಿಲ್ಲ. ಮೇಷ್ಟ್ರ ವರ್ಗಾವಣೆ ಅರ್ಜಿಯ ಮೇಲೆ ಮಾತ್ರ ಆಗಲೇ ಮುದ್ರೆ ಬಿದ್ದಿತ್ತು, ಸೋಮವಾರದ್ದು.

"ಸೋಮವಾರವೇ ಕಡೇ ದಿನ. ಮರೆತುಬಿಟ್ಟೆ," ಎಂದರು ಮೇಷ್ಟ್ರು ನೆಲ ನೋಡುತ್ತ. "ಈ ಅಲೆ ಸದ್ದಿಗೆ ಎರಡು ವರ್ಷದಿಂದ ನಿದ್ದೆಯಿಲ್ಲ, ದೊಡ್ಡಮ್ಮ. ಪೋಸ್ಟಮ್ಮ ಬಂದುಬಿಡ್ತಾಳೆ ಅಂತ ಮುದ್ರೆ ಮನೆಗೆ ಒಯ್ದು ಒತ್ತಿದೆ. ಅರ್ಜಿ ಡಬ್ಬಕ್ಕೆ ಹಾಕಿ ಮುದ್ರೆ ವಾಪಸ್ ಇಡಬೇಕು ಅಂತಿದ್ದೆ, ಅಷ್ಟರಲ್ಲಿ ಕಚೇರಿ ಮುಂದೆ ಜನ ಸೇರಿಬಿಟ್ಟರು."

"ನಿಮ್ಮ ನಿದ್ದೆಗೆ ನಮ್ಮ ಕಚೇರೀನೇ ಮಲಗಿಸ್ತಿದ್ರಲ್ಲ ಸ್ವಾಮಿ," ಎಂದು ಪೋಸ್ಟಮ್ಮ ಕೈ ಚಾಚಿದಳು. ಮುದ್ರೆ ಕೈಚೀಲದಿಂದ ಹೊರಬಂತು. ಅವಳು ಅದರ ತಾರೀಖನ್ನು ಬುಧವಾರಕ್ಕೆ ತಿರುಗಿಸಿ, ಅರ್ಜಿಯ ಮೇಲೆ ಇನ್ನೊಮ್ಮೆ ಒತ್ತಿದಳು.

ಮರುದಿನ ಸಾಹೇಬರು ಬಂದು, ಮುದ್ರೆ ನೋಡಿ, ಸಹಿ ಹಾಕಿ ಹೋದರು. ಅಂಚೆ ಕಚೇರಿ ಉಳಿಯಿತು. ಮೇಷ್ಟ್ರೂ ಉಳಿದರು.